ಅತ್ತೆಯ ಅಂಗೈಯಲ್ಲಿ ಸಿಕ್ಕ ಚೂರು

ಪವಾಡದ ಮಾತು ಬಂದರೆ ಎದ್ದು ಒಲೆ ಊದಲು ಹೋಗುತ್ತಿದ್ದವಳು ನಾನು. ಲಿಂಗಪೂಜೆ ಒಂದು ದಿನವೂ ತಪ್ಪಿಸಿದವಳಲ್ಲ; ಆದರೆ ನಮ್ಮಂಥವರ ಮನೆಗೆ ಬಂದು ಆಟ ತೋರಿಸುವಷ್ಟು ಪುರಸತ್ತು ದೇವರಿಗಿದೆಯೆಂದು ನಂಬಿದವಳೂ ಅಲ್ಲ. ಇದನ್ನೂ ನೀವು ನಂಬಿರೆಂದು ಹೇಳುವುದಿಲ್ಲ. ಕಂಡದ್ದು ಹೇಳುತ್ತೇನೆ.

ನಿಜಾಮರ ಆಳ್ವಿಕೆಯ ಕಾಲ. ನಮ್ಮದು ಔರಾದ. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಒಂದನ್ನು ಭಾಲ್ಕಿ ಸಂತೆಯಲ್ಲಿ ಸೂಜಿ ಚುಚ್ಚುವ ವೈದ್ಯನೊಬ್ಬ ಕೆಡಿಸಿದ್ದ. ಉಳಿದದ್ದು ಒಂದೇ. ಅಂಗೈಯ ಲಿಂಗ ಕಾಣದೆ ಪೂಜೆ ಮಾಡುವುದು ಅವರಿಗೆ ಉಪವಾಸಕ್ಕಿಂತ ಕಷ್ಟವಾಗಿತ್ತು. ಬಂಡಿ ಕಟ್ಟಿಕೊಂಡು ಬೀದರಿನ ದವಾಖಾನೆಗೆ ಕರೆದೊಯ್ದೆವು.

“ಕೊರಳಾಗಿಂದು ತೆಗೀರಿ, ಅಮ್ಮಾ,” ಅಂದರು ಡಾಕ್ಟರ ಸಾಹೇಬರು.

“ಲಿಂಗ ತೆಗದ್ರ ನಾ ಹೆಣ ಆದಂಗರಿ, ಸಾಹೇಬರ. ಹೆಣಕ್ಕ ಕಣ್ಣು ಯಾಕ?” ಅಂದರು ಅತ್ತೆ.

ಸಾಹೇಬರು ನಕ್ಕು, ಕೈಯಲ್ಲಿ ಹಿಡಿದುಕೊಳ್ಳಿರೆಂದರು. ಅತ್ತೆ ಲಿಂಗವನ್ನು ಎಡಗೈ ಮುಷ್ಟಿಯಲ್ಲಿ ಹಿಡಿದು ಮಲಗಿದರು. ನಾನು ಕಾಲು ಹಿಡಿದು ನಿಂತೆ. ಪೊರೆ ತೆಗೆಯುವ ನಡುವೆ ಟಿಕ್ ಎಂದಿತು. ಸಾಹೇಬರ ಕೈಯ ಸಣ್ಣ ಕತ್ತಿಯ ತುದಿ ಮುರಿದಿತ್ತು. ಬಹಳ ಹೊತ್ತು ಹುಡುಕಿ, “ಕಣ್ಣಾಗ ಇಲ್ಲ, ಹೊರಗ ಎಲ್ಲೋ ಬಿದ್ದದ,” ಅಂದು ಪಟ್ಟಿ ಕಟ್ಟಿದರು. ನನ್ನ ಮುಖ ನೋಡದೆ ಅಂದರು. ಚೂರು ಕಣ್ಣಲ್ಲೇ ಉಳಿದಿದೆಯೆಂದು ಅಲ್ಲಿಂದಲೇ ನನಗೆ ಸಂಶಯ.

ತಲೆಯ ಎರಡೂ ಬದಿಗೆ ಉಸುಕಿನ ಚೀಲ ಇಟ್ಟು, ಅಲುಗಾಡಬಾರದೆಂದರು. ಏಳು ದಿನ ಅತ್ತೆ ಕಣ್ಣಿನ ಉರಿಯಿಂದ ನರಳಿದರು. ಅವರ ಅಂಗೈಯ ಮೇಲೆ ಪೂಜೆ ನಾನೇ ಮಾಡುತ್ತಿದ್ದೆ. ದಿನಾ ಲಿಂಗ ತೊಳೆದು, ಅಂಗೈ ತೊಳೆದು, ಒರೆಸಿ ವಿಭೂತಿ ಹಚ್ಚುವುದು.

ಎಂಟನೆಯ ಬೆಳಗ್ಗೆ ಲಿಂಗಕ್ಕೆ ನೀರು ಹನಿಸುವಾಗ ಅತ್ತೆ, “ಉರಿ ನಿಂತದ ನೋಡವ್ವಾ,” ಅಂದರು. ಅದೇ ಹೊತ್ತಿಗೆ ನನ್ನ ಬೆರಳಿಗೆ ಏನೋ ಚುಚ್ಚಿತು. ಲಿಂಗದ ಪಕ್ಕದಲ್ಲಿ ಅರ್ಧ ಎಳ್ಳಿನಷ್ಟು ಉಕ್ಕಿನ ಚೂರು.

ಸಾಹೇಬರು ಮುರಿದ ಕತ್ತಿ ತಂದು ಕೂಡಿಸಿ ನೋಡಿದರು. ಕೂಡಿತು. “ಅವತ್ತೇ ಕೈಯಾಗ ಬಿದ್ದಿರಬೇಕು,” ಅಂದರು.

“ಮುಷ್ಟಿ ಬಿಗಿ ಹಿಡಿದಿದ್ರು. ಹ್ಯಾಂಗ ಬೀಳ್ತದರಿ? ಮ್ಯಾಲ ಏಳು ದಿನ ನಾನೇ ತೊಳದೀನಿ.”

“ನೆಟ್ಟಗ ತೊಳದಿಲ್ಲ ಬಿಡ್ರಿ,” ಅಂದು ಹೊರಟರು. ಚೂರನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋದರು.

ಪಟ್ಟಿ ಬಿಚ್ಚಿದಾಗ ಅತ್ತೆ ಮೊದಲು ಅಂಗೈ ನೋಡಿಕೊಂಡರು. ಮಸುಕಾಗಿ ಕಂಡಿತಂತೆ, ಅಷ್ಟು ಸಾಕೆಂದರು. ಶಿವನ ದಯೆ, ನನಗೂ ಸಾಕಿತ್ತು. ಆದರೆ ಸಾಹೇಬರು ಸುಳ್ಳು ಹೇಳಿದರೋ, ಯಾರಾದರೂ ತಂದಿಟ್ಟರೋ, ನನ್ನ ಕೈಯೇ ಏಳು ದಿನ ನನಗೆ ಮೋಸ ಮಾಡಿತೋ ತಿಳಿಯಲಿಲ್ಲ.

ಅತ್ತೆ ಲಿಂಗೈಕ್ಯರಾಗಿ ಎಷ್ಟೋ ವರ್ಷವಾಯಿತು. ಇಂದಿಗೂ ಪೂಜೆಗೆ ಕೂತರೆ, ಲಿಂಗ ಇಡುವ ಮೊದಲು ನನ್ನ ಅಂಗೈಯನ್ನೊಮ್ಮೆ ಬೆರಳಿಂದ ಸವರಿ ನೋಡುತ್ತೇನೆ.