ಬಾಣಂತಿಗೆ ಕೇಳಿದ ಪ್ರಶ್ನೆ

ಕೋವಿಡ್ ಅಬ್ಬರ ಇಳಿದ ಮರುವರ್ಷ ನಾನು ರಬಕವಿ ಭಾಗದ ಒಂದು ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹಿರಿಯ ನರ್ಸ್ ಆಗಿ ಬಂದೆ. ನೇಕಾರರ ಮನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಗರ್ಭಿಣಿಯರು ಬರುತ್ತಲೇ ಇದ್ದರು. ಆದದ್ದನ್ನು ಕುಳಿತು ಯೋಚಿಸುವ ರೂಢಿ ಅಲ್ಲಿರಲಿಲ್ಲ.

ಒಂದು ಮಧ್ಯಾಹ್ನ ಮಹಾದೇವಿ ಎಂಬ ನೇಕಾರ ಹೆಣ್ಣುಮಗಳಿಗೆ ಚೊಚ್ಚಲ ಹೆರಿಗೆಯಾಯಿತು. ಕೂಸು ಅಳಲಿಲ್ಲ. ನಾನು ಕೋಣೆಯ ಮೂಲೆಯ ಮೇಜಿನ ಮೇಲೆ ಅದಕ್ಕೆ ಉಸಿರು ಬರಿಸಲು ಹೆಣಗುತ್ತಿದ್ದಾಗಲೇ ತಾಯಿಗೆ ವಿಪರೀತ ರಕ್ತಸ್ರಾವ ಶುರುವಾಯಿತು. ಗರ್ಭಕೋಶವನ್ನು ಬಿಗಿಗೊಳಿಸುವ ಆಕ್ಸಿಟೋಸಿನ್ ಇಂಜೆಕ್ಷನ್ ಇನ್ನಷ್ಟು ಬೇಕಿತ್ತು; ಅದಿದ್ದದ್ದು ಪಕ್ಕದ ಕೋಣೆಯ ಫ್ರಿಜ್‌ನಲ್ಲಿ. ನನ್ನ ಜೊತೆಗಿದ್ದ ಇಬ್ಬರು ನರ್ಸ್‌ಗಳೂ ಅದನ್ನು ತರಲು ಓಡಿದರು. ಆಯಾ ಡಾಕ್ಟರನ್ನು ಕರೆಯಲು ಓಡಿದಳು. ಸಂಜೆಯ ಹೊತ್ತಿಗೆ ಔಷಧಿ, ರಕ್ತ ಕೊಟ್ಟು ತಾಯಿಯನ್ನು ಉಳಿಸಿಕೊಂಡೆವು. ಕೂಸೂ ಉಳಿಯಿತು.

ಮರುದಿನ ಡಾಕ್ಟರು ಆ ಇಬ್ಬರಲ್ಲಿ ಕಿರಿಯಳಾದ ರೇಣುಕಾಳನ್ನು ತರಾಟೆಗೆ ತೆಗೆದುಕೊಂಡರು. "ಇಂಜೆಕ್ಷನ್ ತರಾಕ ಇಷ್ಟು ಹೊತ್ತು ಬೇಕೇನು? ನೋಟಿಸ್ ಕೊಡ್ತೇನಿ." ರೇಣುಕಾ ಅಳುತ್ತಾ ಕೆಲಸವನ್ನೇ ಬಿಡುತ್ತೇನೆಂದಳು.

ನಾನೆಂದೆ: "ಸರ್, ನೋಟಿಸ್ ಆಮ್ಯಾಲೆ ಕೊಡ್ರಿ. ಮೊದ್ಲ ಎಲ್ಲಾರೂ ಕೂಡೂಣು. ಯಾರ ತಪ್ಪು ಅನ್ನೂದು ಬ್ಯಾಡ, ಏನಾತು ಅಂತ ಅಷ್ಟ ಮಾತಾಡೂಣು."

ಒಲ್ಲದ ಮನಸ್ಸಿನಿಂದಲೇ ಅವರು ಒಪ್ಪಿದರು. ಒಬ್ಬೊಬ್ಬರೂ ತಾವು ಮಾಡಿದ್ದನ್ನು ಹೇಳಿದೆವು. ಕೇಳಿದರೆ ಎಲ್ಲರದೂ ಸರಿಯೇ! ಆಗ ರೇಣುಕಾ ಕಣ್ಣೊರೆಸಿಕೊಂಡು, "ಮಹಾದೇವಿ ಅಕ್ಕಾರನ್ನ ಕೇಳೂಣೇನ್ರಿ?" ಎಂದಳು. ರೋಗಿಯನ್ನು ಕೇಳಬಹುದೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಎಲ್ಲರೂ ಅವಳ ಮಂಚದ ಬಳಿ ಹೋಗಿ, ನಿನ್ನೆ ಏನೇನಾಯಿತೆಂದು ಕೇಳಿದಾಗ ಮಹಾದೇವಿ ಮೊದಲು ಅಂಜಿದಳು. ನಾನು ಪಕ್ಕದಲ್ಲಿ ಕುಳಿತು ಮತ್ತೆ ಕೇಳಿದೆ.

"ಖರೆ ಹೇಳ್ಲೇನ್ರಿ? ಎಲ್ಲಾರೂ ಓಡಿ ಹೋದ್ರಿ. ನನ್ನ ಹಂತ್ಯಾಕ ಯಾರೂ ಇರಲಿಲ್ರಿ. ಕೂಸು ಹೋಗೇತಿ, ಇನ್ನ ನನ್ನೂ ಕೈಬಿಟ್ರು ಅಂತ ತಿಳದೆ."

ಡಾಕ್ಟರು ಸ್ಟೂಲ್ ಎಳೆದುಕೊಂಡು ಕುಳಿತರು. "ಮತ್ತೇನು ಅನಿಸ್ತವಾ? ಹೇಳು," ಎಂದರು. ನೋಟಿಸಿನ ಮಾತು ಮತ್ತೆ ಬರಲಿಲ್ಲ.

ಫ್ರಿಜ್ ಹೆರಿಗೆ ಕೋಣೆಯೊಳಗೇ ಬಂತು. ಯಾರು ಔಷಧಿ ತರಬೇಕು, ಯಾರು ಗರ್ಭಕೋಶ ಬಿಗಿಯಾಗುವಂತೆ ಹೊಟ್ಟೆ ಒತ್ತುತ್ತಾ ತಾಯಿಯ ಬಳಿಯೇ ನಿಲ್ಲಬೇಕು ಎಂಬುದನ್ನು ಪ್ರತಿ ಹೆರಿಗೆಗೂ ಮೊದಲೇ ಹೇಳಿಕೊಳ್ಳತೊಡಗಿದೆವು. ಮುಗಿದ ಮೇಲೆ ಚಹಾ ಕುಡಿಯುತ್ತಾ ಆದದ್ದನ್ನೆಲ್ಲ ಮಾತಾಡುತ್ತಿದ್ದೆವು. "ಇದಕ್ಕೆಲ್ಲಾ ಟೈಮ್ ಎಲ್ಲೈತ್ರಿ?" ಎಂದು ಗೊಣಗಿದವರೂ ಇದ್ದರು.

ಮುಂದೊಮ್ಮೆ ಸಾವಳಗಿಯ ಕುರುಬರ ಮನೆಯ ಹೆಣ್ಣುಮಗಳಿಗೆ ಹಾಗೆಯೇ ರಕ್ತ ಹರಿಯತೊಡಗಿತು. ರೇಣುಕಾ ಕದಲಲಿಲ್ಲ. ಹೊಟ್ಟೆ ಒತ್ತುತ್ತಲೇ, "ಅಂಜಬ್ಯಾಡವಾ, ನಾ ಇಲ್ಲೇ ಅದೇನಿ. ಕೂಸು ಅಳಾಕತ್ತೈತಿ, ಕೇಳು," ಎನ್ನುತ್ತಿದ್ದಳು. ಡಾಕ್ಟರು ಬರುವಷ್ಟರಲ್ಲಿ ರಕ್ತ ಹತೋಟಿಗೆ ಬಂದಿತ್ತು.

ಬೈಗುಳದ ಭಯವಿದ್ದಲ್ಲಿ ಜನ ಆದದ್ದನ್ನು ಮುಚ್ಚಿಡುತ್ತಾರೆ. ಕೇಳುವವರು ಎದುರಿಗಿದ್ದರೆ ಹೇಳುತ್ತಾರೆ. ನಮ್ಮ ಕೆಲಸ ಸುಧಾರಿಸಿದ್ದು ಹಾಗೆ ಹೇಳಿಕೊಂಡಿದ್ದರಿಂದಲೇ.