ಬಸಣ್ಣನ ನಾರ್ಮಲ್ ಹೊಟ್ಟೆ

ಬಸಣ್ಣನ ಹೊಟ್ಟೆ ನೋಡದೆ ನಮ್ಮ ಕಾಲೇಜಿನಲ್ಲಿ ಯಾರೂ ಡಾಕ್ಟರಾಗುವುದಿಲ್ಲ. ಹೊಗಳಿಕೆಗೆ ಹೇಳುತ್ತಿಲ್ಲ, ಪಠ್ಯಕ್ರಮವೇ ಹಾಗಿದೆ. ರಾಟರ್‌ಡ್ಯಾಮಿನ ವೈದ್ಯಕೀಯ ಕಾಲೇಜೊಂದರಲ್ಲಿ ಪಾಠದ ವಿಡಿಯೋಗಳನ್ನು ಎಡಿಟ್ ಮಾಡುವುದು ನನ್ನ ಕೆಲಸ. ರೋಗಿಯನ್ನು ಎಲ್ಲಿ ಒತ್ತಿ ನೋಡಬೇಕು, ಎಲ್ಲಿ ತಟ್ಟಿ ಕೇಳಬೇಕು ಎಂದು ತೋರಿಸುವ ವಿಡಿಯೋಗಳವು. ಡಾಕ್ಟರಿಕೆ ಓದುವವರೂ ನೋಡುತ್ತಾರೆ, ನರ್ಸಿಂಗ್ ಓದುವವರೂ ನೋಡುತ್ತಾರೆ. ಅದರಲ್ಲಿ ಅಂಗಾತ ಮಲಗಿರುವ, ಒಳ್ಳೆಯ ಊಟ ಕಂಡ ಹೊಟ್ಟೆ ಬಾಗಲಕೋಟೆ ಕಡೆಯ ಬಸವರಾಜ ಹೊಸಮನಿಯವರದು.

ಮೊದಲು ನಮಗೆ ಸಿಗುತ್ತಿದ್ದ ಸ್ವಯಂಸೇವಕರೆಲ್ಲ ಸೈಕಲ್ ತುಳಿದು ಸವೆದ ಉದ್ದನೆಯ ಡಚ್ಚರು. ಬಾಗಿಲಲ್ಲಿ ನಿಂತೇ ಅವರ ಪಕ್ಕೆಲುಬು ಎಣಿಸಬಹುದಿತ್ತು. ಪಾಠ ಮಾಡುವ ಡಾಕ್ಟರ್ ಮಾರೈಕ ಒಂದು ದಿನ ಬೇಸತ್ತು, "ನನಗೊಂದು ನಾರ್ಮಲ್ ಹೊಟ್ಟೆ ತಂದುಕೊಡು" ಎಂದರು. ನನಗೆ ತಕ್ಷಣ ನೆನಪಾದದ್ದು ಬಸಣ್ಣ. ಬಂದರಿನ ಆಫೀಸಿನಲ್ಲಿ ಯಾವ ಕಂಟೇನರ್ ಯಾವ ಹಡಗಿಗೆ ಎಂದು ಯೋಜನೆ ಹಾಕುವ ಕೆಲಸ ಅವರದು. ಡೀಮೆನ್ ಎಂಬ ಊರಿನಲ್ಲಿ ನಡೆಯುವ ನಮ್ಮ ಕನ್ನಡದವರ ಹಬ್ಬದೂಟದಲ್ಲಿ ಪರಿಚಯ. ಕೇಳಿದ ಕೂಡಲೇ ಒಪ್ಪಿದರು.

"ನಾರ್ಮಲ್ ಹೊಟ್ಟಿ ಬೇಕೇನು? ನಂದಕ್ಕಿಂತಾ ನಾರ್ಮಲ್ ಎಲ್ಲಿ ಹುಡುಕ್ತಿ ತಂಗಿ? ಹುಟ್ಟಿದಾಗಿಂದ ಒಂದಿನಾನೂ ರಜಾ ಹಾಕಿಲ್ಲ ಅದು."

ಶೂಟಿಂಗ್ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಬಂದವರಿಗೆ ಮೊದಲು ಹೇಳುವುದೇ ಅಂಗಿ ಬಿಚ್ಚಿ ಎಂದು. ಜೊತೆಗೆ ಒಂದು ಡಬ್ಬಿ ಶೇಂಗಾ ಹೋಳಿಗೆ ತಂದಿದ್ದರು, ಡಾಕ್ಟರಿಗೆ. ಕ್ಯಾಮೆರಾ ಓಡುತ್ತಿರುವಾಗ ರೋಗಿ ಮಾತಾಡಬಾರದು ಎಂದು ಎಷ್ಟು ಹೇಳಿದರೂ ಮಾರೈಕ ಲಿವರ್ ಹುಡುಕುತ್ತಿದ್ದರೆ ಇವರು ಮಲಗಿದಲ್ಲಿಂದಲೇ ಅಚ್ಚ ಡಚ್ಚಿನಲ್ಲಿ, "ಊಟ ಆಯಿತೇ ಡಾಕ್ಟ್ರೇ?" ಎಂದು ವಿಚಾರಿಸಿದರು. ಆ ತುಣುಕನ್ನು ಕತ್ತರಿಸಿದೆ. ಆಮೇಲೆ ಇನ್ನೂ ಎಷ್ಟೋ ಕತ್ತರಿಸಿದೆ.

ತಮ್ಮ ವಿಡಿಯೋ ನೋಡಿ ನೋಡಿಯೇ ಬಸಣ್ಣ ಶರೀರಶಾಸ್ತ್ರ ಕಲಿತರು. ಹಬ್ಬದೂಟದಲ್ಲಿ ಎಲೆ ಮುಂದೆ ಕೂತವರಿಗೆ ಫೋನ್ ಹಿಡಿದು, "ಇದು ನನ್ನ ಲಿವರಿನ ಕೆಳಗಿನ ಅಂಚು, ಸಾರು ಹಾಕ್ಕೋರಿ" ಎನ್ನುತ್ತಿದ್ದರು. ಬೈಟನ್‌ವೆಲ್ಡರ್ಟ್ ಬಡಾವಣೆಯ ಒಬ್ಬ ಸಾಫ್ಟ್‌ವೇರ್ ಹುಡುಗ ಎದೆಯುರಿ ಎಂದಾಗ ಅವನನ್ನು ಸೋಫಾ ಮೇಲೆ ಮಲಗಿಸಿ ಒತ್ತಿ ನೋಡಿ, "ನಿಂದು ಗ್ಯಾಸ್ ಅಲ್ಲಪಾ, ಪಿತ್ತಕೋಶ" ಎಂದು ತೀರ್ಪು ಕೊಟ್ಟರು. ಅದು ಗ್ಯಾಸೇ ಆಗಿತ್ತು.

ಅವರಿಗೊಂದು ವಿಚಿತ್ರ ಸ್ವಭಾವವಿತ್ತು. ನೋವು ಮಾಡುತ್ತಿರುವವರಿಗೆ ನೋಯುತ್ತಿದೆ ಎಂದು ಹೇಳುವುದು ಅವರ ಲೆಕ್ಕದಲ್ಲಿ ದೊಡ್ಡ ಅಸಭ್ಯತೆ. ಒಮ್ಮೆ ಕ್ಷೌರದವನು ಬಿಸಿ ಟವೆಲನ್ನು ತುಸು ಹೆಚ್ಚೇ ಬಿಸಿಯಾಗಿ ಮುಖಕ್ಕೆ ಸುತ್ತಿದನಂತೆ. ಹೇಗಿದೆ ಎಂದು ಕೇಳಿದ್ದಕ್ಕೆ ಭಾಳ ಛಲೋ ಐತಿ ಎಂದು ಹೇಳಿ, ಥ್ಯಾಂಕ್ಸ್ ಹೇಳಿ, ಗಲ್ಲದ ಮೇಲೆ ಬೊಬ್ಬೆ ಹೊತ್ತು ಮನೆಗೆ ಬಂದರು. ಅವರ ಹೆಂಡತಿ ನೀಲಕ್ಕ ಮುಲಾಮು ಹಚ್ಚುತ್ತ ಬೈದರೆ, "ಪಾಪ, ಅಂವಾ ಕೆಲಸಾ ಮಾಡಾಕತ್ತಿದ್ದ. ನಡುವ ಬಾಯಿ ಹಾಕೂದು ಛಂದಲ್ಲ" ಎಂದರು. ಮುಲಾಮು ಉರಿಯುತ್ತಿದೆ ಎಂದು ನೀಲಕ್ಕನಿಗೂ ಹೇಳಲಿಲ್ಲ.

ಈ ಸ್ವಭಾವವೇ ಅವರನ್ನು ಹಿಡಿದುಕೊಟ್ಟಿತು. ಹಳೆಯ ವಿಡಿಯೋ ಮಸುಕಾಗಿದೆ ಎಂದು ಅದೇ ಪಾಠವನ್ನು ಮತ್ತೆ ಚಿತ್ರಿಸಿದೆವು. ಮಾರೈಕ ಕ್ಯಾಮೆರಾದ ಕಡೆ ತಿರುಗಿ ವಿವರಿಸುತ್ತ, ಕೈಯಿಂದ ಹೊಟ್ಟೆಯ ಬಲಭಾಗ ಒತ್ತಿ, "ನೋಯುತ್ತದೆಯೇ?" ಎಂದರು. ಬಸಣ್ಣ "ಇಲ್ಲ ಇಲ್ಲ, ಆರಾಮಾಗಿ ಒತ್ತಿ" ಎಂದರು. ಎರಡು ದಿನ ಬಿಟ್ಟು ನಾವಿಬ್ಬರೂ ಕೂತು ಅದನ್ನು ನೋಡುತ್ತಿದ್ದಾಗ ಮಾರೈಕ ನಿಲ್ಲಿಸು ಎಂದರು. ಹಿಂದಕ್ಕೆ ಹೋಗು ಎಂದರು. "ಇಲ್ಲ" ಎನ್ನುವಾಗ ಬಸಣ್ಣನ ಕಣ್ಣು ಬಿಗಿಯಾಗಿ ಮುಚ್ಚಿತ್ತು, ಹಾಸಿಗೆಯ ಅಂಚನ್ನು ಕೈ ಹಿಡಿದಿತ್ತು. ಆ ಸಂಜೆಯೇ ಮಾರೈಕ ಅವರಿಗೆ ಫೋನ್ ಮಾಡಿದರು. ಸ್ಕ್ಯಾನಿನಲ್ಲಿ ದೊಡ್ಡ ಕರುಳಿನ ಗಡ್ಡೆ ಕಂಡಿತು. ನೋವು ಎಷ್ಟು ದಿನದಿಂದ ಎಂದು ಕೇಳಿದರೆ, ಹೋದ ದೀಪಾವಳಿಯಿಂದ ಎಂದರು ಬಸಣ್ಣ. ಅಷ್ಟರಲ್ಲಿ ಯುಗಾದಿ ಕಳೆದಿತ್ತು.

ನನಗೆ ಬಂದ ಸಿಟ್ಟಿಗೆ ಲೆಕ್ಕವಿಲ್ಲ. ಆಸ್ಪತ್ರೆಗೆ ಹೋಗಿ, "ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಬಸಣ್ಣ?" ಎಂದು ರೇಗಿದೆ.

"ನಾರ್ಮಲ್ ಹೊಟ್ಟಿ ಪಾರ್ಟ್ ಮಾಡಾಕ ಕರದಿದ್ಯಲ್ಲ ತಂಗಿ. ನೋಯ್ತೈತಿ ಅಂದಿದ್ರ ನಿನ್ನ ಶೂಟಿಂಗ್ ಕೆಡ್ತಿತ್ತು" ಎಂದರು. ನಾನು ಅತ್ತೆ. ಅವರು ನೀಲಕ್ಕನಿಗೆ ನನಗೆ ಚಹಾ ಕೊಡಲು ಹೇಳಿದರು.

ವಿಡಿಯೋ ಅಳಿಸಿಬಿಡೋಣವೇ ಎಂದು ಮಾರೈಕ ಕೇಳಿದಾಗ ಬಸಣ್ಣ ಬೇಡವೆಂದರು. ಹುಡುಗರು ಕಲಿಯಲಿ, ಇರಲಿ ಬಿಡಿ ಎಂದರು. ಹಾಗಾಗಿ ಪಾಠದ ಹೆಸರು ಬದಲಾಯಿತು. "ನಾರ್ಮಲ್ ಹೊಟ್ಟೆ" ಹೋಗಿ, "ರೋಗಿಯ ಮಾತು ಕೇಳಿ, ಮುಖ ನೋಡಿ" ಎಂದಾಯಿತು. ಈಗ ಅದನ್ನು ಪರೀಕ್ಷೆಗೂ ಕೇಳುತ್ತಾರೆ. ನಾರ್ಮಲ್ ಎಂದು ಕರೆಸಿ ಫೇಲ್ ಮಾಡಿದರು ಎಂದು ಬಸಣ್ಣ ಕೊನೆಯವರೆಗೂ ನನ್ನನ್ನು ಆಡಿಕೊಳ್ಳುತ್ತಿದ್ದರು.

ಆಪರೇಷನ್ ಆಯಿತು. ಕೆಲಸಕ್ಕೂ ಹೋದರು. ಮರುವರ್ಷ ಕ್ಯಾನ್ಸರ್ ಲಿವರಿಗೆ ಹರಡಿತು, ಇನ್ನು ಮಾಡುವುದೇನೂ ಇಲ್ಲ ಎಂದು ಮನೆಗೆ ಕಳಿಸಿದರು. ಮನೆಗೆ ಬರುವ ನರ್ಸ್ ದಿನವೂ ಕೇಳುವುದು ಒಂದೇ ಪ್ರಶ್ನೆ: ಸೊನ್ನೆಯಿಂದ ಹತ್ತರಲ್ಲಿ ನೋವೆಷ್ಟು? ಹೇಳಿದ ಅಂಕಿಗೆ ತಕ್ಕಂತೆ ಔಷಧಿ. ಬಸಣ್ಣ ದಿನವೂ ಎರಡು ಎನ್ನುತ್ತಿದ್ದರು. ರಾತ್ರಿಯೆಲ್ಲ ಹಲ್ಲು ಕಚ್ಚಿ ಮಲಗುವವರು ಬೆಳಿಗ್ಗೆ ನಗುತ್ತ ಎರಡು ಎನ್ನುತ್ತಾರೆ ಎಂದು ನೀಲಕ್ಕ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದು ಹೇಳಿದರು. ನೀಲಕ್ಕ ನಿಜ ಹೇಳಿದರೆ ನರ್ಸ್ ಬಸಣ್ಣನನ್ನೇ ಕೇಳುತ್ತಾಳೆ. ಬಸಣ್ಣ ಮತ್ತೆ ಎರಡು ಎನ್ನುತ್ತಾರೆ.

ನಾನು ಕೊನೆಯ ಬಾರಿ ಹೋದ ದಿನ ಬೇರೆ ನರ್ಸ್ ಬಂದಿದ್ದಳು. ಎಂದಿನಂತೆ ಕೇಳಿದಳು. ಬಸಣ್ಣ ಎಂದಿನಂತೆ ಎರಡು ಎಂದರು. ಅವಳು ಬರೆದುಕೊಳ್ಳಲಿಲ್ಲ. ಕುರ್ಚಿ ಎಳೆದು ಹತ್ತಿರ ಕೂತು ಅವರ ಮುಖವನ್ನೇ ನೋಡಿದಳು.

"ಹೊಸಮನಿಯವರೇ, ನಿಮ್ಮ ವಿಡಿಯೋ ನೋಡಿ ಪರೀಕ್ಷೆ ಬರೆದವಳು ನಾನು. ಈ ಎರಡನ್ನು ನಾನು ನಂಬುವುದಿಲ್ಲ."

ಬಸಣ್ಣ ನಗಲು ನೋಡಿದರು, ಆಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ಭಾಳ ಬ್ಯಾನಿ ಐತಿ. ತಡಕೊಳ್ಳಾಕ ಆಗವಲ್ದು. ಅಕಿಗೆ ನೀ ಹೇಳು" ಎಂದರು.

"ನೀವೇ ಹೇಳಿ ಬಸಣ್ಣ. ನನಗಿಂತ ನಿಮ್ಮ ಡಚ್ ಚೆನ್ನಾಗಿದೆ."

"ಅಕಿ ಮಾರಿ ಮುಂದ ನಾ ಹೆಂಗ ಹೇಳ್ಲಿ?" ಎಂದು ಕಣ್ಣು ಮುಚ್ಚಿಕೊಂಡರು.

ನನ್ನ ಹರಕು ಡಚ್ಚಿನಲ್ಲಿ ನಾನೇ ಹೇಳಿದೆ.