ಒಬ್ಬಳೇ ಇದ್ದಾಗಿನ ಅಂಜಿಕೆ

ಫಿಟ್ಸ್ ಇರುವವರ ಮಿದುಳಿನಲ್ಲಿ ಅಂಜಿಕೆ ಹೇಗೆ ಹುಟ್ಟುತ್ತದೆ ಎಂದು ಹುಡುಕುವ ಅಧ್ಯಯನಕ್ಕೆ ನಾನು ಒಪ್ಪಿಕೊಂಡದ್ದು ಸ್ವಾರ್ಥದಿಂದ. ಆಗಾಗ ನನ್ನೊಳಗೆ ಏಳುವ ಭಯ ಫಿಟ್ಸಿನದೋ ನನ್ನದೋ ತಿಳಿಯಬೇಕಿತ್ತು. ನನ್ನ ನೆನಪನ್ನು ನಂಬುವಂತಿಲ್ಲ. ಫಿಟ್ಸಿನ ಹಿಂದುಮುಂದಿನದೆಲ್ಲ ಅಳಿಸಿಹೋಗಿರುತ್ತದೆ. ಅವ್ವ ಹೇಳಿದ್ದೇ ಚರಿತ್ರೆ, ಅದೂ ಸಲಕ್ಕೊಂದು ಥರ.

ಅಧ್ಯಯನ ನಡೆಸುವ ವೈದ್ಯೆ ನನಗಿಂತ ಚಿಕ್ಕವರು. ಭಯ ಏಳಿಸುವ ಭಾಗವೂ ನನ್ನ ಫಿಟ್ಸ್ ಶುರುವಾಗುವ ಜಾಗವೂ ಮಿದುಳಿನ ಆಳದಲ್ಲಿ ಅಕ್ಕಪಕ್ಕದಲ್ಲೇ ಇವೆಯಂತೆ. ಭಯ ಯಾವಾಗ ಬರುತ್ತದೆಂದು ಗೊತ್ತಾದರೇನೇ ಸ್ಕ್ಯಾನಿನಲ್ಲಿ ಕಂಡದ್ದಕ್ಕೆ ಅರ್ಥ ಎಂದರು. ಒಬ್ಬರೇ ಇದ್ದಾಗ ಅಂಜಿಕೆಯಾಗುತ್ತದೆಯೇ ಎಂದು ಕೇಳಿದರು.

"ನಮ್ಮಾಕಿ ಅಂಜೂ ಪೈಕಿ ಅಲ್ಲರಿ," ಎಂದಳು ಪಕ್ಕದಲ್ಲಿದ್ದ ಅವ್ವ.

"ನಾ ಅವರನ್ನ ಕೇಳಾಕತ್ತೇನ್ರಿ."

"ಅಕಿಗೇನ್ ಗೊತ್ತರಿ? ಅಕಿಗೆ ಆಗ ಖಬರೇ ಇರೂದಿಲ್ಲ. ನೋಡಾಕಿ ನಾನು."

ಅವ್ವನನ್ನು ಚಹಾಕ್ಕೆ ಕಳಿಸಿದ ಮೇಲೆ ವೈದ್ಯೆಗೆ ಇದ್ದದ್ದನ್ನು ಹೇಳಿದೆ. ವರ್ಷಗಳಿಂದ ನಾನು ಒಬ್ಬಳೇ ಇದ್ದದ್ದೇ ಇಲ್ಲ. ನಮ್ಮ ಬಚ್ಚಲಮನೆಗೆ ಚಿಲಕವಿಲ್ಲ. ಸ್ನಾನದುದ್ದಕ್ಕೂ ಮಾತಾಡುತ್ತಿರಬೇಕು; ದನಿ ನಿಂತರೆ ಅವ್ವ ಒಳಗೆ. ಎಂ.ಎ. ಮಾಡಿದ, ನಲವತ್ತು ದಾಟಿದ ನಾನು ಸೋಪು ಹಚ್ಚಿಕೊಳ್ಳುತ್ತ ಮಗ್ಗಿ ಒಪ್ಪಿಸುತ್ತೇನೆ. ವೈದ್ಯೆ ನಗಲಿಲ್ಲ. ಕೂತೇ ಸ್ನಾನ ಮಾಡಿ, ಬಾಗಿಲಾಚೆ ಯಾರಾದರೂ ಇರಲಿ, ಆದರೆ ಒಮ್ಮೆ ಸುಮ್ಮನಿದ್ದು ನೋಡಿ ಎಂದರು.

ಮರುದಿನ ಅವ್ವನಿಗೆ ಎಲ್ಲ ತಿಳಿಸಿ ಹೇಳಿದೆ. ಸುಮ್ಮನೆ ಕೂಡಲು ಒಪ್ಪಿದಳು, ತಾನೇನು ಅಡ್ಡ ಬರುವವಳೇ ಎಂದು ಮುನಿಸಿಕೊಂಡಳು ಕೂಡ. ಮಣೆಯ ಮೇಲೆ ಕೂತು ಒಂದೆರಡು ತಂಬಿಗೆ ನೀರು ಹಾಕಿಕೊಂಡೆ. ಎಲ್ಲೂ ಸದ್ದಿಲ್ಲ. ಎದೆಯಲ್ಲಿ ಏನೋ ಏಳತೊಡಗಿತು. ಇದೇ ಇರಬೇಕು, ಗಮನಿಸು ಎಂದುಕೊಂಡೆ. ಅಷ್ಟರಲ್ಲಿ ಹೊರಗೆ ಅವ್ವನ ಮಾತು ಶುರುವಾಯಿತು: ದುರ್ಗದಬೈಲಿನಲ್ಲಿ ಫಾಲ್ ಹಚ್ಚಲು ಕೊಟ್ಟ ಸೀರೆ, ನವನಗರದ ಕಾಕೂನ ಮೊಣಕಾಲು, ಉಸಿರೇ ತೆಗೆದುಕೊಳ್ಳದೆ.

"ಅವ್ವಾ, ಸುಮ್ನ ಕೂಡ್ತೇನಿ ಅಂದಿದ್ದ್ಯಲ್ಲ."

"ಆಗವಲ್ದು ನನಗ. ನೀ ನೀರು ಹಾಕ್ಕೊ."

ಎದ್ದದ್ದು ಅಲ್ಲಿಗೇ ಅಡಗಿತು, ಸಿಟ್ಟು ಮಾತ್ರ ಉಳಿಯಿತು. ಅದು ಭಯವೇ ಆಗಿತ್ತೇ? ಅವಳು ಮಾತು ತೆಗೆಯುವ ಮೊದಲೇ ಎದ್ದಿತ್ತೇ, ಅಥವಾ ಈಗ ಬರೆಯುತ್ತ ಹಾಗೆ ಜೋಡಿಸುತ್ತಿದ್ದೇನೆಯೇ? ಹೇಳಲಾರೆ.

ಮುಂದಿನ ಭೇಟಿಯಲ್ಲಿ ಗೊತ್ತಿಲ್ಲ ಎಂದೆ. ಹಾಗಾದರೆ ಈ ಪ್ರಶ್ನೆ ಬಿಡೋಣ ಎಂದರು ವೈದ್ಯೆ. ಬಿಡಬೇಡಿ, ಇನ್ನೊಂದು ವಾರ ಕೊಡಿ ಎಂದೆ.

"ಹೌದ್ರಿ, ಕೊಡ್ರಿ," ಎಂದಳು ಅವ್ವ, ನನ್ನ ಕಡೆ ನೋಡದೆ. "ಸುಮ್ನ ಕೂಡೂದು ಕಲಿಯಾಕ ನನಗೂ ಟೈಮ್ ಬೇಕಲ್ರಿ."